ಬೀಗದ ಕೋಣೆಯಲ್ಲಿ ಒಂದು ಗಂಟೆ

ಪರೀಕ್ಷೆ ಮುಗಿದ ಖುಷಿಗೆ ನಮ್ಮ ಸಂಘದ ಐದು ಜನ ಅಂಧೇರಿ ಕಡೆಯ ಒಂದು 'ಎಸ್ಕೇಪ್ ರೂಮ್'ಗೆ ಹೋಗಿದ್ದೆವು. ದುಡ್ಡು ಕೊಟ್ಟು ಬಂದಿಯಾಗುವುದು! ತಲೆಗೆ ಕೊಟ್ಟ ದುಡ್ಡಿನಲ್ಲಿ ಉಡುಪಿ ಹೋಟೆಲಿನಲ್ಲಿ ನಾಲ್ಕು ದಿನ ಊಟ ಆಗುತ್ತಿತ್ತು. ಹೋಗ್ಲಿ ಬಿಡಿ. ನಾವು ಗೂಢಚಾರರು, 60 ನಿಮಿಷದಲ್ಲಿ ಸುಳಿವು ಹುಡುಕಿ, ಬೀಗಗಳನ್ನು ತೆಗೆದು, ಬಾಂಬ್ ಸಿಡಿಯದಂತೆ ತಡೆಯಬೇಕು. ಇದು ನಮ್ಮ 'ಮಿಷನ್'.

ಕಂಪ್ಯೂಟರಿನ ಪರದೆಯ ಮೇಲಿದ್ದ ಇಂಥ ಆಟವನ್ನು 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಕಾವೋ ಕಾತೋ ಎಂಬವರು ನಿಜವಾದ ಕೋಣೆಗೆ ತಂದರು. ಅದರ ದೊಡ್ಡ ಗುಣ ಒಪ್ಪಲೇಬೇಕು: ಫೋನು ಹೊರಗಿಟ್ಟು ಐದು ಜನ ಒಂದು ಗಂಟೆ ಒಂದೇ ವಿಷಯ ಯೋಚಿಸುತ್ತೇವೆ. ನಮ್ಮ ಸಂಘದ ಮೀಟಿಂಗಿನಲ್ಲಿ ಇದು ಎಂದಾದರೂ ನಡೆದದ್ದುಂಟೇ?

ದೋಷಗಳೂ ಇವೆ. ಕಥೆ ತೀರಾ ತೆಳು. ಬಾಂಬ್ ಯಾರು ಇಟ್ಟರು, ಯಾಕೆ ಇಟ್ಟರು, ಕೇಳಬೇಡಿ. ಉತ್ತರ ತಿಳಿದ ಮೇಲೆ ಎರಡನೇ ಸಲ ಹೋಗುವಂತಿಲ್ಲ. ಸುಳಿವುಗಳೆಲ್ಲ ಇಂಗ್ಲಿಷಿನ ಮಾತಿನ ಚಮತ್ಕಾರ. ಒಂದು ಚೀಟಿಯಲ್ಲಿ 'ಹ್ಯಾಂಡ್ಸ್' ಅಂತಿತ್ತು. ನಾವು ಬುದ್ಧಿವಂತರು ಗೊಂಬೆಯ ಕೈಗಳನ್ನೆಲ್ಲ ತಿರುಚಿದೆವು. ಕಲಬುರಗಿ ಕಡೆಯ ಜೂನಿಯರ್ ಹುಡುಗ, ಕನ್ನಡ ಮಾಧ್ಯಮದವನು, ಮೂಲೆಯಿಂದ ಮೆಲ್ಲಗೆ ಅಂದ: "ಅಣ್ಣಾ, ಆ ಗಡಿಯಾರ ನಿಂತದ ನೋಡ್ರಿ." ನಾನು ಕೇಳಿಸಿಕೊಳ್ಳಲಿಲ್ಲ. ಹತ್ತು ನಿಮಿಷದ ಮೇಲೆ ಗೊತ್ತಾಯಿತು, ಮುಳ್ಳುಗಳು ನಿಂತ ಗಂಟೆಯೇ ಬೀಗದ ನಂಬರು! ಕೊನೆಗೆ ಸ್ವಲ್ಪದರಲ್ಲೇ ಸೋತೆವು. ಬಾಂಬ್ ಸ್ಪೀಕರಿನಲ್ಲಿ ಸಿಡಿಯಿತು. ಆ ಹತ್ತು ನಿಮಿಷ ಯಾರ ಲೆಕ್ಕಕ್ಕೆ? ನನ್ನದೇ.

ಇನ್ನೊಂದು ಮಾತು ತಮಾಷೆಯದಲ್ಲ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ಊರಿನಲ್ಲಿ ಹುಟ್ಟುಹಬ್ಬಕ್ಕೆಂದು ಇಂಥದೇ ಆಟಕ್ಕೆ ಹೋದ 15 ವರ್ಷದ ಐವರು ಹುಡುಗಿಯರು ಬೆಂಕಿ ಅನಾಹುತದಲ್ಲಿ ಸತ್ತರು. ಹೊರಬರುವ ದಾರಿ ಇರಲಿಲ್ಲ. ನಮ್ಮಲ್ಲಿ ಬಾಗಿಲು ತೆರೆಯುವ ಗುಂಡಿ ಇತ್ತು, ನಿಜ. ಆದರೆ ನಾವು ಕೇಳಿದ ಮೇಲೆ ತೋರಿಸಿದರು. ಕೇಳದಿದ್ದರೆ?

ನನ್ನ ಅಭಿಪ್ರಾಯ ಇಷ್ಟೇ. ಒಂದು ಸಲ ಹೋಗಿ ಬನ್ನಿ. ಒಳಗೆ ಕಾಲಿಡುವ ಮೊದಲು ಹೊರಗಿನ ದಾರಿ ಕೇಳಿ. ಒಳಗೆ ಹೋದ ಮೇಲೆ ಮೆಲ್ಲಗೆ ಮಾತಾಡುವವನನ್ನು ಕೇಳಿ. ಕನ್ನಡ ಉಳಿಸೋಣ ಅಂತ ವರ್ಷಕ್ಕೆರಡು ಸಲ ಭಾಷಣ ಮಾಡುವ ನನಗೆ, ಪಕ್ಕದಲ್ಲೇ ಆಡಿದ ಕನ್ನಡ ಕಿವಿಗೆ ಬೀಳಲಿಲ್ಲವಲ್ಲ! ಮುಂದಿನ ಮೀಟಿಂಗಿನಲ್ಲಿ ಮೊದಲ ಮಾತು ಆ ಹುಡುಗನದೇ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ.