ಕಾಯಿ ಸುಲಿಯುವಾಗ ಇರೋ ಗಮನ

ಚಿಕ್ಕನಾಯಕನಹಳ್ಳಿ ಕಡೆ ತೆಂಗಿನಕಾಯಿ ಸುಲಿಯೋರನ್ನ ನೋಡಿದ್ದೀರಾ? ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ತಿರುಗಿಸ್ತಾರೆ. ಆ ಹೊತ್ತಲ್ಲಿ ಯಾರೂ ರೀಲ್ಸ್ ನೋಡಲ್ಲ. ನೋಡಿದ್ರೆ ಕೈ ಹೋಗುತ್ತೆ.

ಭಾನುವಾರ ಚರ್ಚಿನಲ್ಲಿ ಆ ಭಯ ಇಲ್ಲ. ಸತ್ಯವೇದ ಓದೋಕೆ ಅಂತ ಫೋನ್ ತೆಗೀತೀನಿ, ಒಂದು ಮೆಸೇಜ್ ಬರುತ್ತೆ, ಪ್ರಸಂಗ ಮುಗಿಯುವಾಗ ನಾನು ಕ್ರಿಕೆಟ್ ಸ್ಕೋರ್ ನೋಡ್ತಿರ್ತೀನಿ.

ತಪ್ಪೆಲ್ಲ ಫೋನಿನದು ಅನ್ನೋದು ಸುಲಭ. ಆದರೆ 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಬ್ರದರ್ ಲಾರೆನ್ಸ್‌ಗೂ ಪ್ರಾರ್ಥನೆಯಲ್ಲಿ ಮನಸ್ಸು ಅಲೆಯುತ್ತಿತ್ತು. ಅವರ ದಾರಿ ಸರಳ. ಮನಸ್ಸು ಓಡಿತು ಅಂತ ಗೋಳಾಡದೆ, ಮೆಲ್ಲಗೆ ಮತ್ತೆ ದೇವರ ಕಡೆಗೆ ಕರೆತರೋದು. ಪಾತ್ರೆಗಳ ಸದ್ದಿನ ನಡುವೆಯೂ ದೇವರು ಇಲ್ಲೇ ಇದ್ದಾನೆ ಅಂತ ನೆನೆಯೋದು. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಪತ್ರಗಳು, ಮಾತುಗಳು ಪುಸ್ತಕವಾದವು.

ಹಾಗಾಗಿ ಚರ್ಚಿನಲ್ಲಿ ಫೋನ್ ಆಫ್ ಮಾಡಿದ್ರೆ ಸಾಲದು ಅಂತ ನನ್ನ ಅಭಿಪ್ರಾಯ. ಅಡುಗೆಮನೆಯಲ್ಲಿ ಆಗೋ ಅಭ್ಯಾಸ ಹಜಾರದಲ್ಲೂ ಆಗಬೇಕು. ರಜೆಗೆ ಊರಿಗೆ ಹೋದಾಗ ಅಜ್ಜಿ ತನ್ನ ಮಂಡಿನೋವಿನ ವಿಷಯ ಹೇಳ್ತಿದ್ರು. ನಾನು ಫೋನ್ ನೋಡ್ತಾ ‘ಹ್ಞೂಂ, ಹ್ಞೂಂ’ ಅಂತಿದ್ದೆ. ‘ಕೇಳ್ತಿದ್ದೀಯೇನೋ ಮಗಾ?’ ಅಂದ್ರು. ಆಮೇಲೆ ಸುಮ್ಮನಾಗಿಬಿಟ್ಟರು. ಪಕ್ಕದಲ್ಲಿ ಕೂತ ಅಜ್ಜಿಯ ಮಾತು ಕೇಳದ ನಾನು ಕಾಣದ ದೇವರ ಮಾತು ಹೇಗೆ ಕೇಳಿಸ್ಕೊಳ್ಳಲಿ?

ಕಾಯಿ ಸುಲಿಯುವಾಗ ಗಮನ ತಪ್ಪಿದ್ರೆ ಗಾಯ ನಮಗೇ. ಇಲ್ಲಿ ಗಾಯ ಆಗೋದು ಎದುರಿಗಿರೋರಿಗೆ, ಅದಕ್ಕೇ ನಮಗೆ ಗೊತ್ತಾಗಲ್ಲ. ಮುಂದಿನ ಸಲ ಊರಿಗೆ ಹೋದಾಗ ಫೋನ್ ಒಳಗಿಟ್ಟು, ಮಂಡಿನೋವಿನ ಕಥೆ ಮತ್ತೆ ಮೊದಲಿಂದ ಹೇಳಿ ಅಂತ ಅಜ್ಜಿಯನ್ನ ಕೇಳ್ತೀನಿ.