ಮತ್ತೆ ನೇತ್ರಾಣಿಗೆ ಹೊರಟವರಿಗೆ
ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿ ಕಡೆ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ಎಷ್ಟು ವರ್ಷ ಬಿಟ್ಟರೂ ಅದು ಮರೆಯುವುದಿಲ್ಲ. ಸ್ಕೂಬಾ ಡೈವಿಂಗ್ ಹಾಗಲ್ಲ. ಕೋವಿಡ್‌ಗೂ ಮುಂಚೆ ಕಲಿತು ಬಿಟ್ಟವರು, ಸರ್ಟಿಫಿಕೇಟ್ ಇದೆಯಲ್ಲ ಎಂದು ಮುರುಡೇಶ್ವರದಲ್ಲಿ ನೇರವಾಗಿ ನೇತ್ರಾಣಿ ದ್ವೀಪದ ದೋಣಿ ಹತ್ತಬಾರದು. ಮೊದಲು ತರಬೇತುದಾರರೊಂದಿಗೆ ಈಜುಕೊಳಕ್ಕಿಳಿಯಬೇಕು. ಮಾಸ್ಕಿನೊಳಗೆ ನೀರು ನುಗ್ಗಿದರೆ ಅದರ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ನಿಧಾನ ಉಸಿರು ಬಿಡಬೇಕು, ನೀರು ಕೆಳಗಿನಿಂದ ಹೊರಹೋಗುತ್ತದೆ. ಕೇಳಲಿಕ್ಕೆ ಸಣ್ಣ ಕೆಲಸ. ಆದರೆ ರೂಢಿ ತಪ್ಪಿದವರು ಕಣ್ಣಿಗೆ ಉಪ್ಪುನೀರು ತಾಗಿದ್ದೇ ಗಾಬರಿಯಾಗಿ, ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುತ್ತಾರೆ. ಅಪಾಯ ಇರುವುದೇ ಅಲ್ಲಿ. 10 ಮೀಟರ್ ಆಳದಲ್ಲಿ ಒತ್ತಡ ದಡದ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿ ಹಿಗ್ಗುತ್ತದೆ, ಬಿಗಿಹಿಡಿದ ಶ್ವಾಸಕೋಶ ಹರಿಯಬಹುದು. ಕಿವಿಯ ಒತ್ತಡ ಸರಿಪಡಿಸಿಕೊಳ್ಳುವುದು, ತೇಲುವ ಜಾಕೆಟ್ಟಿಗೆ ಗಾಳಿ ತುಂಬುವುದು, ಬಿಡುವುದು, ಇವೂ ಅಭ್ಯಾಸದಿಂದಲೇ ಮರಳುತ್ತವೆ. ಮನೆಯ ಮೂಲೆಯಲ್ಲಿದ್ದ, ಉಸಿರಾಟಕ್ಕೆ ಗಾಳಿ ಕೊಡುವ ಸ್ವಂತ ರೆಗ್ಯುಲೇಟರ್ ಅನ್ನು ಸರ್ವೀಸ್ ಮಾಡಿಸದೆ ಬಾಯಿಗಿಡಬೇಡಿ. ನಮ್ಮ ಬಯಲುಸೀಮೆಯವರಿಗೆ ಇನ್ನೊಂದು ಮಾತು: ಗದಗ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡೈವ್ ಮುಗಿಸಿದ ಸಂಜೆಯೇ ಘಟ್ಟ ಹತ್ತಿದರೆ, ಗಾಳಿಯ ಒತ್ತಡ ಇಳಿದು, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುವ ಸಂಭವವಿದೆ. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ.