ಮಗಳು ಆ್ಯಪ್ ಕಲಿಯುತ್ತೇನೆ ಎಂದರೆ...

ಮಗಳು ಮೊಬೈಲ್ ಹಿಡಿದು ಕುಳಿತರೆ ಗದರುವ ತಾಯಂದಿರೇ, ಒಮ್ಮೆ ಯೋಚಿಸಿ. ಫಜ್ರ್ ನಮಾಝಿನ ಬಳಿಕ ನೀವು ತೆರೆಯುವ ಕುರ್‌ಆನ್ ಆ್ಯಪನ್ನೂ ಯಾರೋ ಕುಳಿತು ಬರೆದಿದ್ದಾರೆ. ‘ಕುರ್‌ಆನ್ ಫಾರ್ ಆಂಡ್ರಾಯ್ಡ್’ ಆ್ಯಪ್ ಉಚಿತವಾಗಿದೆ. ಅದರ ಸೋರ್ಸ್ ಕೋಡ್ ‘ಗಿಟ್‌ಹಬ್’ನಲ್ಲಿ ಎಲ್ಲರಿಗೂ ತೆರೆದಿದೆ. ಬಲ್ಲವರು ಅದನ್ನು ಓದಬಹುದು, ತಪ್ಪು ತೋರಿಸಬಹುದು, ತಿದ್ದಿ ಕಳುಹಿಸಬಹುದು. ಇದನ್ನೇ ಓಪನ್ ಸೋರ್ಸ್ ಎನ್ನುತ್ತಾರೆ. ಮರಣಾನಂತರವೂ ಪುಣ್ಯ ತರುವ ಕರ್ಮಗಳಲ್ಲಿ ಪ್ರಯೋಜನಕಾರಿ ಜ್ಞಾನವೂ ಒಂದೆಂದು ಪ್ರವಾದಿ(ಸ) ಕಲಿಸಿದ್ದಾರಲ್ಲವೇ?

ಕನ್ನಡಕ್ಕೂ ಇದು ಹೊಸತಲ್ಲ. ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಬರೆಯುವ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಅದನ್ನು ನಾಡಿಗೆ ಬಿಟ್ಟುಕೊಟ್ಟರು. ‘ನುಡಿ’ ತಂತ್ರಾಂಶದ ಕೀಲಿಮಣೆಗೆ ಅದೇ ಆಧಾರವಾಯಿತು. ರಾಜಸ್ಥಾನದ ಅಲ್ವರ್‌ನ ಇಮ್ರಾನ್ ಖಾನ್ ಶಾಲಾ ಶಿಕ್ಷಕರು. ಆ್ಯಪ್ ತಯಾರಿಕೆಯನ್ನು ಸ್ವಂತವಾಗಿ ಕಲಿತು 50ಕ್ಕೂ ಹೆಚ್ಚು ಶೈಕ್ಷಣಿಕ ಆ್ಯಪ್‌ಗಳನ್ನು ಮಾಡಿ ಉಚಿತವಾಗಿ ಕೊಟ್ಟರು. 2015ರ ನವೆಂಬರಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಪ್ರಧಾನಿ ಅವರ ಹೆಸರು ಹೇಳಿದರು.

ವಿಜಯಪುರ–ಸೋಲಾಪುರ ಹೆದ್ದಾರಿಯ ಝಳಕಿಯಂತಹ ಊರಿನಲ್ಲಿ ಮಗಳನ್ನು ಬೆಂಗಳೂರಿಗೆ ಕಳುಹಿಸುವುದು ಹೇಗೆಂಬ ಚಿಂತೆಯಲ್ಲೇ ಅವಳ ಓದು ನಿಂತುಬಿಡಬಾರದು. ಈ ವಿದ್ಯೆಯನ್ನು ಮನೆಯಲ್ಲೇ ಆರಂಭಿಸಬಹುದು. ಕನಿಷ್ಠ 8 ಜಿಬಿ ರ್‍ಯಾಮ್ ಇರುವ ಕಂಪ್ಯೂಟರ್, ಇಂಟರ್‌ನೆಟ್, ದಿನಕ್ಕೆರಡು ಗಂಟೆಯ ನೆಮ್ಮದಿ ಸಿಕ್ಕರೆ ಸಾಕು. ‘ಆಂಡ್ರಾಯ್ಡ್ ಸ್ಟುಡಿಯೋ’ಗೆ ಹಣ ಕೊಡಬೇಕಿಲ್ಲ. ಮೊದಲು ಕೋಟ್ಲಿನ್ ಭಾಷೆ ಕಲಿಯಲಿ. ಬಳಿಕ ಪರದೆಯ ವಿನ್ಯಾಸ, ಮಾಹಿತಿ ಸಂಗ್ರಹ, ಬಳಕೆದಾರರ ಗೋಪ್ಯತೆ ಕಾಯುವ ರೀತಿ. ಓದಿ ಅರ್ಥಮಾಡಿಕೊಳ್ಳುವಷ್ಟು ಇಂಗ್ಲಿಷ್ ಬೇಕು. ಅದಕ್ಕಿಂತ ಹೆಚ್ಚು ಬೇಕಾದುದು ಸಹನೆ.

ಓಪನ್ ಸೋರ್ಸ್ ಸೇವೆಗೆ ದೊಡ್ಡ ಪಾಂಡಿತ್ಯ ಬರುವ ತನಕ ಕಾಯಬೇಕಿಲ್ಲ. ಆ್ಯಪ್‌ನ ಪದಗಳನ್ನು ಕನ್ನಡಕ್ಕೆ ತರುವುದು, ದೋಷವನ್ನು ವಿವರವಾಗಿ ತಿಳಿಸುವುದೂ ಸೇವೆಯೇ. ಇದರಿಂದ ಸಾಮಾನ್ಯವಾಗಿ ಸಂಬಳ ಸಿಗದು. ಆದರೆ ನಾಳೆ ಕೆಲಸ ಕೇಳುವಾಗ ಹೆಸರಿನೊಂದಿಗೆ ದಾಖಲಾದ ಈ ಕೆಲಸವೇ ಅವಳ ಪರವಾಗಿ ಮಾತನಾಡುತ್ತದೆ.

ಸ್ವಂತ ಆ್ಯಪನ್ನು ಪ್ಲೇ ಸ್ಟೋರಿಗೆ ಹಾಕಲು 18 ವರ್ಷ ತುಂಬಿರಬೇಕು. ನೋಂದಣಿಗೆ ಒಮ್ಮೆ 25 ಡಾಲರ್ ಕೊಡಬೇಕು. ಹೊಸ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಮಂದಿ ಸತತ 14 ದಿನ ಅದರ ಪರೀಕ್ಷಕರಾಗಿರಬೇಕು. ಓಣಿಯ ಸಹೋದರಿಯರೇ ಆ ಹನ್ನೆರಡು ಮಂದಿಯಾಗಬಾರದೇಕೆ? ಅಂಗನವಾಡಿಯ ಮಕ್ಕಳಿಗೆ ಕನ್ನಡ ಅಕ್ಷರಮಾಲೆ, ಹೊಲಿಗೆಯವರಿಗೆ ಅಳತೆಯ ಲೆಕ್ಕ — ಇಂತಹ ಸಣ್ಣ ಆ್ಯಪ್ ಸಾಕು ಆರಂಭಕ್ಕೆ.

ಎಚ್ಚರವೂ ಇರಲಿ. ಕೆಲಸ ಕೊಡುತ್ತೇವೆಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿ. ಆ್ಯಪ್ ಕಲಿಯುತ್ತಾಳೆಂದು ಕಾಲೇಜು ಬಿಡಿಸಬೇಡಿ. ಪದವಿಯ ಬೆಲೆ ಇನ್ನೂ ಇದೆ.

ಮಗಳ ಮದುವೆಗೆಂದು ಹುಟ್ಟಿದಂದಿನಿಂದ ಚಿನ್ನ ಕೂಡಿಡುತ್ತೇವೆ. ಅದರಲ್ಲೊಂದು ಪಾಲು ಅವಳ ವಿದ್ಯೆಗೂ ಇರಲಿ. ಕಷ್ಟಕಾಲದಲ್ಲಿ ಬಳೆಯನ್ನು ಮಾರಬೇಕಾಗುತ್ತದೆ. ಕಲಿತ ವಿದ್ಯೆ ಅವಳ ಬಳಿಯೇ ಉಳಿಯುತ್ತದೆ.